ಕಿವಿ ಮಂದವಾದ ಮೇಲೆ: ಯಂತ್ರ, ಮೊರೆತ, ಮನೆಮಂದಿ – ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದವಳು ನಾನು. ಕೆಲಸದಲ್ಲಿದ್ದಾಗಲೇ ಹಿಂದಿನ ಬೆಂಚಿನ ಮಕ್ಕಳ ಮಾತು ಕಿವಿಗೆ ಬೀಳದಾಗತೊಡಗಿತು. ಈಗ ಎರಡೂ ಕಿವಿಗೆ ಶ್ರವಣಯಂತ್ರವಿದೆ, ಎಡಗಿವಿಯಲ್ಲಿ ಮೊರೆತವೂ ಇದೆ, ಅಂದರೆ ಹೊರಗಿಲ್ಲದ ಸದ್ದು ಕಿವಿಯೊಳಗೆ ಕೇಳುತ್ತಿರುತ್ತದೆ. ಇದು ಗೊತ್ತಿರುವ ನೆಂಟರು, ನೆರೆಯವರು, ಹಳೆಯ ವಿದ್ಯಾರ್ಥಿಗಳ ತಂದೆತಾಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟುಮಾಡಿದ್ದೇನೆ. ನಾನು ವೈದ್ಯೆಯಲ್ಲ, ಔಷಧ, ಶಸ್ತ್ರಚಿಕಿತ್ಸೆಗಳ ತೀರ್ಮಾನ ವೈದ್ಯರದ್ದೇ. ಆದರೆ ಕಿವಿ ಮಂದವಾದವರಿರುವ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಒಳಗಿನಿಂದ ಬಲ್ಲೆ.

ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಇದು ಕಿವಿಯ ತೊಂದರೆಯೋ ಗಮನದ ಕೊರತೆಯೋ?

ಕಿವಿಯ ತೊಂದರೆಯೇ. ವಯಸ್ಸಿನಿಂದಲೋ ಗದ್ದಲದಿಂದಲೋ ಬರುವ ಶ್ರವಣದೋಷ ಸಾಮಾನ್ಯವಾಗಿ ಎತ್ತರದ, ಅಂದರೆ ತೆಳುವಾದ ಕೀಚಲು ಸ್ವರಗಳನ್ನು ಮೊದಲು ಕಸಿದುಕೊಳ್ಳುತ್ತದೆ. ಲಾರಿಯ ಸದ್ದು, ಬಾಗಿಲು ಬಡಿಯುವ ಸದ್ದು ಮೊದಲಿನಂತೆಯೇ ಕೇಳುತ್ತಿರುತ್ತದೆ. ಮಾತಿನಲ್ಲೂ ಆ, ಓ, ಊ ಮುಂತಾದ ಸ್ವರಾಕ್ಷರಗಳು ದಪ್ಪಗೆ ಕೇಳುತ್ತವೆ. ಸ, ಶ, ಹ, ತ, ಪ, ಕ ಮುಂತಾದ ವ್ಯಂಜನಗಳು ತೆಳುವಾಗಿ ಜಾರಿಹೋಗುತ್ತವೆ. ಹಾಲು, ಸಾಲು, ಕಾಲು, ಪಾಲು – ನಾಲ್ಕೂ ನನ್ನ ಕಿವಿಗೆ ಯಂತ್ರವಿಲ್ಲದೆ ಬರಿಯ ‘ಆಲು’. ಯಾವುದೆಂದು ಸಂದರ್ಭ ನೋಡಿ ಊಹಿಸಬೇಕು. ದಿನವಿಡೀ ಹೀಗೆ ಊಹಿಸುತ್ತ ಕೂತರೆ ಸಂಜೆಯ ಹೊತ್ತಿಗೆ ತಲೆ ಬಳಲಿಹೋಗುತ್ತದೆ. ಆ ಬಳಲಿಕೆಯನ್ನೇ ಮನೆಯವರು ಅಸಡ್ಡೆ ಎಂದು ತಿಳಿಯುತ್ತಾರೆ.

ಗಂಡಸರ ದನಿ ಕೇಳುತ್ತದೆ, ಸೊಸೆಯ ಅಥವಾ ಮೊಮ್ಮಗುವಿನ ದನಿ ಮಾತ್ರ ತಿಳಿಯುವುದಿಲ್ಲ ಎಂಬುದಕ್ಕೂ ಇದೇ ಕಾರಣ. ‘ತನಗೆ ಬೇಕಾದವರ ಮಾತು ಮಾತ್ರ ಕೇಳುತ್ತದೆ’ ಎಂಬ ಆರೋಪ ಎಷ್ಟು ಮನೆಗಳಲ್ಲಿ ಎಷ್ಟು ಮನಸ್ಸುಗಳನ್ನು ಕೆಡಿಸಿದೆಯೋ. ದಯವಿಟ್ಟು ಆ ಮಾತನ್ನು ಆಡಬೇಡಿ.

ಪರೀಕ್ಷೆಗೆ ಯಾವಾಗ ಹೋಗಬೇಕು?

ಟಿ.ವಿ. ಧ್ವನಿಯ ಬಗ್ಗೆ ಮನೆಯಲ್ಲಿ ತಕರಾರು ಶುರುವಾದಾಗ. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯತೊಡಗಿದಾಗ. ನಾಲ್ಕು ಜನ ಸೇರಿದ ಕಡೆ ಎಲ್ಲರೂ ನಕ್ಕ ಮೇಲೆ ನೀವು ನಗುತ್ತಿದ್ದೀರಿ ಎನಿಸಿದಾಗ. ಮದುವೆ, ಸಭೆಗಳಿಗೆ ಹೋಗದಿರಲು ನೆಪ ಹುಡುಕದಿದ್ದರೂ ಮನಸ್ಸು ಹಿಂಜರಿದಾಗ. ಅರವತ್ತು ದಾಟಿದವರು ಯಾವ ತೊಂದರೆ ಕಾಣದಿದ್ದರೂ ಒಮ್ಮೆ ಮಾಡಿಸಿಕೊಂಡಿರುವುದು ಒಳ್ಳೆಯದು. ಮುಂದೆ ಹೋಲಿಸಿ ನೋಡಲು ಒಂದು ದಾಖಲೆ ಇರುತ್ತದೆ.

ಬೆಳಿಗ್ಗೆ ಎದ್ದಾಗ ಒಂದು ಕಿವಿ ಮುಚ್ಚಿಕೊಂಡಂತಿತ್ತು. ನಾಲ್ಕು ದಿನ ಕಾದು ನೋಡಬಹುದೇ?

ಕಾಯಬೇಡಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಒಂದು ಕಿವಿ ಇದ್ದಕ್ಕಿದ್ದಂತೆ, ಅಂದರೆ ಕೆಲವೇ ಗಂಟೆಗಳಿಂದ ಮೂರು ದಿನಗಳೊಳಗೆ ಮಂದವಾಗುವುದನ್ನು ಹಠಾತ್ ಶ್ರವಣನಷ್ಟ ಎನ್ನುತ್ತಾರೆ. ಜೊತೆಗೆ ಮೊರೆತ ಅಥವಾ ತಲೆಸುತ್ತು ಇರಬಹುದು. ಇದು ತುರ್ತುಸ್ಥಿತಿ. ಸ್ಟೀರಾಯ್ಡ್ ಚಿಕಿತ್ಸೆ ಬೇಗ ಸಿಕ್ಕಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು. ಮೊದಲ ಎರಡು ವಾರ ಕಳೆದ ಮೇಲೆ ಆ ಸಾಧ್ಯತೆ ಬಹಳ ಕುಗ್ಗುತ್ತದೆ. ನಮ್ಮಲ್ಲಿ ಆಗುವುದೇನು? ‘ನೆಗಡಿ ಇರಬೇಕು’, ‘ಗುಗ್ಗೆ ಕಟ್ಟಿರಬೇಕು’ ಎಂದುಕೊಂಡು ಬೆಚ್ಚಗಿನ ಎಣ್ಣೆ ಬಿಟ್ಟು ಹಬ್ಬ ಮುಗಿಯಲಿ, ಸೋಮವಾರ ಬರಲಿ ಎಂದು ಕೂರುತ್ತೇವೆ. ಗುಗ್ಗೆಯೇ ಆಗಿದ್ದರೆ ಕಿವಿ-ಮೂಗು-ಗಂಟಲು ವೈದ್ಯರು ನೋಡಿದ ಕೂಡಲೇ ಹೇಳುತ್ತಾರೆ, ನಷ್ಟವೇನಿಲ್ಲ. ಅದೇ ದಿನ ಅಥವಾ ಮರುದಿನ ಹೋಗಿ. ಚೀಟಿ ಬರೆಯುವವರ ಬಳಿಯೇ ‘ಕಿವಿ ಒಮ್ಮೆಲೇ ಹೋಗಿದೆ, ನಿನ್ನೆ ಸರಿ ಇತ್ತು’ ಎಂದು ಸ್ಪಷ್ಟವಾಗಿ ಹೇಳಿ. ‘ಕಿವಿ ಸರಿಯಾಗಿ ಕೇಳುತ್ತಿಲ್ಲ’ ಎಂದಷ್ಟೇ ಹೇಳಿದರೆ ನಿಮ್ಮನ್ನು ಸಾಲಿನ ಕೊನೆಗೆ ಕೂರಿಸಬಹುದು.

ಇನ್ನೂ ಕೆಲವು ಲಕ್ಷಣಗಳಿಗೆ ತಡ ಮಾಡಬಾರದು: ಒಂದೇ ಕಿವಿಯಲ್ಲಿ ಬಿಡದ ಮೊರೆತ, ನಾಡಿ ಬಡಿತದ ತಾಳಕ್ಕೆ ಸರಿಯಾಗಿ ಕೇಳುವ ಸದ್ದು, ಕಿವಿ ಸೋರುವುದು, ತಲೆಸುತ್ತು. ಮುಖದ ಒಂದು ಬದಿ ಜೋತುಬಿದ್ದರಂತೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಶ್ರವಣ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ? ಆ ಗೆರೆಗಳ ಚೀಟಿಯನ್ನು ಓದುವುದು ಹೇಗೆ?

ಸದ್ದು ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೇರೆ ಬೇರೆ ಎತ್ತರದ ಸ್ವರಗಳನ್ನು ಕ್ರಮೇಣ ತಗ್ಗಿಸುತ್ತ ಕೇಳಿಸುತ್ತಾರೆ. ಕೇಳಿದಾಗ ಗುಂಡಿ ಒತ್ತಬೇಕು. ಕಷ್ಟಪಟ್ಟು ಊಹಿಸಬೇಕಿಲ್ಲ, ಇದರಲ್ಲಿ ಪಾಸು ನಪಾಸು ಇಲ್ಲ. ಬಳಿಕ ಕಿವಿಯ ಹಿಂದಿನ ಎಲುಬಿಗೆ ಒಂದು ಕಂಪಕವಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ದೋಷ ಹೊರಗಿವಿ-ನಡುಗಿವಿಯಲ್ಲಿದೆಯೋ ಒಳಗಿವಿ ಮತ್ತು ನರದಲ್ಲಿದೆಯೋ ಎಂಬುದು ಇದರಿಂದ ತಿಳಿಯುತ್ತದೆ.

ಚೀಟಿಯನ್ನು ಆಡಿಯೊಗ್ರಾಮ್ ಎನ್ನುತ್ತಾರೆ. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಾಕಾರ ಚಿಹ್ನೆಗಳು ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ಸ್ವರ ಎತ್ತರವಾಗುತ್ತದೆ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ. ಮೇಲಿನಿಂದ ಕೆಳಕ್ಕೆ ಇರುವುದು ಸದ್ದಿನ ಜೋರು, ಅದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಗೆರೆ ಕೆಳಗಿಳಿದಷ್ಟೂ ದೋಷ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ 20 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ಸಹಜ. 20ರಿಂದ 35ರೊಳಗೆ ಅಲ್ಪ. 35ರಿಂದ 50ರೊಳಗೆ ಮಧ್ಯಮ. 50ರಿಂದ 65ರೊಳಗೆ ಮಧ್ಯಮಕ್ಕಿಂತ ಹೆಚ್ಚು. 65 ದಾಟಿದರೆ ತೀವ್ರ. 80 ದಾಟಿದರೆ ಅತಿತೀವ್ರ. ಈ ಅಂಕಿಗಳು ಪರ್ಸೆಂಟ್ ಅಲ್ಲ. 50 ಡೆಸಿಬೆಲ್ ದೋಷವೆಂದರೆ ಅರ್ಧ ಕಿವಿ ಹೋಯಿತು ಎಂದು ಲೆಕ್ಕ ಹಾಕಿಕೊಂಡು ಕೊರಗಬೇಡಿ.

ಸ್ವರ ಪರೀಕ್ಷೆ ಮುಗಿದ ಮೇಲೆ ಮಾತಿನ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ, ಅದೂ ಕನ್ನಡದಲ್ಲಿ. ಇದಕ್ಕೆಂದೇ ಸಿದ್ಧಪಡಿಸಿದ ಕನ್ನಡ ಪದಪಟ್ಟಿಗಳಿವೆ. ಕೇಳದ ಸ್ವರವನ್ನು ಯಂತ್ರ ಏರಿಸಿ ಕೊಡಬಲ್ಲದು. ಏರಿಸಿ ಕೊಟ್ಟ ಮಾತು ಎಷ್ಟು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದು ಈ ಪರೀಕ್ಷೆಯಲ್ಲೇ ಗೊತ್ತಾಗುವುದು. ಕೈಗೆ ಬಂದ ವರದಿಯನ್ನು ಜೋಪಾನವಾಗಿಡಿ, ಮೊಬೈಲ್‌ನಲ್ಲಿ ಒಂದು ಫೋಟೊ ಇರಲಿ.

ಕಿವಿಗೆ ಎಣ್ಣೆ ಬಿಡಬಹುದೇ? ಬಡ್ಸ್?

ಎರಡೂ ಬೇಡ. ಕಿವಿಯೊಳಗಿನ ತಮಟೆಗೆ ತೂತಿದ್ದರೆ ಎಣ್ಣೆ ನಡುಗಿವಿಗೆ ಇಳಿದು ಸೋಂಕಾಗುತ್ತದೆ. ಬಡ್ಸ್ ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಬಸ್ ನಿಲ್ದಾಣದಲ್ಲಿ ಕಡ್ಡಿ ಹಿಡಿದು ಕೂರುವವರ ಕೈಗೆ ಕಿವಿ ಕೊಡಲೇಬೇಡಿ.

ಮಾತ್ರೆಯಲ್ಲಿ, ಆಪರೇಷನ್‌ನಲ್ಲಿ ಗುಣವಾಗುವುದಿಲ್ಲವೇ?

ಕೆಲವು ಬಗೆಯದು ಆಗುತ್ತದೆ. ಗುಗ್ಗೆ ತೆಗೆದರೆ, ತಮಟೆಯ ತೂತು ಮುಚ್ಚಿದರೆ, ಸೋರುವ ಕಿವಿಯನ್ನು ವಾಸಿಮಾಡಿದರೆ ಶ್ರವಣ ಸುಧಾರಿಸಬಹುದು. ನಡುಗಿವಿಯ ಪುಟ್ಟ ಎಲುಬು ಬಿಗಿದುಕೊಳ್ಳುವ ಆಟೋಸ್ಕ್ಲೆರೋಸಿಸ್ ಎಂಬ ಕಾಯಿಲೆಗೂ ಒಳ್ಳೆಯ ಶಸ್ತ್ರಚಿಕಿತ್ಸೆ ಇದೆ. ಸದ್ದನ್ನು ಗ್ರಹಿಸುವ ಒಳಗಿವಿಯ ಕೂದಲಕೋಶಗಳು ನಾಶವಾದರೆ ಮಾತ್ರ ಹಾದಿ ಬೇರೆ. ಒಂದೊಂದು ಕಿವಿಯಲ್ಲಿ ಸುಮಾರು 15,000 ಕೋಶಗಳಷ್ಟೇ ಇರುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ನರಗಳಿಗೆ ಶಕ್ತಿ ಕೊಡುತ್ತದೆ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿ ಯಂತ್ರವನ್ನು ಮುಂದೂಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಷ್ಟು ಕಾಲವೂ ಮಿದುಳು ಮಾತಿನ ಅಭ್ಯಾಸ ಕಳೆದುಕೊಳ್ಳುತ್ತಿರುತ್ತದೆ.

ಔಷಧದ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಮುಂತಾದವು ಕಿವಿಗೆ ಹಾನಿ ಮಾಡಬಲ್ಲವು. ಜೀವ ಉಳಿಸುವ ಔಷಧವನ್ನು ನೀವಾಗಿ ನಿಲ್ಲಿಸಬಾರದು. ಈಗಾಗಲೇ ಕಿವಿ ಮಂದವಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.

ನಮ್ಮ ತಾಯಿಗೆ ಎಪ್ಪತ್ತೈದು. ಇನ್ನು ಯಂತ್ರ ಹಾಕಿಸಿ ಏನಾಗಬೇಕು ಎನ್ನುತ್ತಾರೆ.

ಏನಾಗಬೇಕು ಎಂದರೆ ಅವರು ಮನೆಯ ಮಾತುಕತೆಯಲ್ಲಿ ಉಳಿಯಬೇಕು. ಕಿವಿ ಮಂದವಾದ ಹಿರಿಯರು ಮೊದಲು ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ, ಆಮೇಲೆ ಉತ್ತರಿಸುವುದನ್ನು, ಕೊನೆಗೆ ಹಜಾರಕ್ಕೆ ಬಂದು ಕೂರುವುದನ್ನೂ ಬಿಡುತ್ತಾರೆ. ವಯಸ್ಸಾಯಿತು, ಮೌನವಾದರು ಎಂದು ಮನೆಯವರು ತಿಳಿದುಕೊಳ್ಳುತ್ತಾರೆ.

ಮರೆವಿನ ಕಾಯಿಲೆಗೂ ಶ್ರವಣದೋಷಕ್ಕೂ ನಂಟಿರುವುದು ಈಗ ಚೆನ್ನಾಗಿ ದಾಖಲಾಗಿದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿತು. ನಾವು ಸರಿಪಡಿಸಿಕೊಳ್ಳಬಹುದಾದ ಆ ಅಂಶಗಳಲ್ಲಿ ಶ್ರವಣದೋಷವೂ ಒಂದು. ಹಾಗೆಂದು ಯಂತ್ರ ಹಾಕಿದರೆ ಮರೆವು ಬರುವುದೇ ಇಲ್ಲ ಎಂದು ಮಾರುವವರು ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಒಟ್ಟಾರೆ ಎಲ್ಲರಲ್ಲೂ ಅಂಥ ಲಾಭ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿಯ ಇಳಿತ 48 ಶೇಕಡದಷ್ಟು ನಿಧಾನವಾಯಿತು. ನನ್ನ ಮಟ್ಟಿಗೆ ಮೊಮ್ಮಗುವಿನ ಮಾತು ಕೇಳುವುದೊಂದೇ ಕಾರಣ ಸಾಕು. ಉಳಿದದ್ದು ಲಾಭ.

ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತದೆ. ಇದಕ್ಕೆ ಮದ್ದಿಲ್ಲವೇ?

ಜೀರುಂಡೆಯ ಸದ್ದು, ಸೀಟಿ, ಹಬೆ, ದೂರದ ಮೋಟಾರು – ಒಬ್ಬೊಬ್ಬರಿಗೆ ಒಂದೊಂದು ಬಗೆ. ಹೊರಗೆ ಸದ್ದಿಲ್ಲ, ಒಳಗೆ ಮಾತ್ರ ಕೇಳುತ್ತದೆ. ಬಹಳ ಮಂದಿಯಲ್ಲಿ ಇದು ಶ್ರವಣದೋಷದ ಜೊತೆಗೇ ಬರುತ್ತದೆ. ಒಳಗಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಕಡೆಯಿಂದ ಏರಿಸಿಕೊಳ್ಳುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾಗಿರುವ ವಿವರಣೆ. ದೂರದ ಆಕಾಶವಾಣಿ ಕೇಂದ್ರ ಸರಿಯಾಗಿ ಸಿಗದಾಗ ಧ್ವನಿ ಏರಿಸಿದರೆ ಗೊರಗೊರ ಸದ್ದೂ ಏರುತ್ತದಲ್ಲ, ಹಾಗೆ.

ಆ ಸದ್ದನ್ನೇ ಅಳಿಸಿಹಾಕುವ ಮಾತ್ರೆ ಇಲ್ಲ. ಗಿಂಕೊ ಎಂಬ ಮರದ ಎಲೆಯ ಗುಳಿಗೆಗಳಿಗೆ ಹಣ ಸುರಿಯಬೇಡಿ. ಅವು ಮೊರೆತಕ್ಕೆ ಕೆಲಸ ಮಾಡುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ‘ಏನೂ ಮಾಡಲಾಗದು, ಹೊಂದಿಕೊಳ್ಳಿ’ ಎಂದು ಎರಡು ಮಾತಿನಲ್ಲಿ ಕಳುಹಿಸಿಬಿಡುವ ವೈದ್ಯರನ್ನೂ ನಾನು ಒಪ್ಪುವುದಿಲ್ಲ. ಮಾಡುವುದು ಬೇಕಾದಷ್ಟಿದೆ. ಶ್ರವಣದೋಷವಿದ್ದರೆ ಯಂತ್ರ ಹಾಕುವುದೇ ಮೊದಲ ಚಿಕಿತ್ಸೆ: ಹೊರಗಿನ ಸದ್ದು ಒಳಗೆ ಬಂದಷ್ಟೂ ಮೊರೆತ ಹಿಂದೆ ಸರಿಯುತ್ತದೆ. ಆ ಸದ್ದಿನಿಂದ ಹುಟ್ಟುವ ಸಂಕಟವನ್ನು ತಗ್ಗಿಸುವುದರಲ್ಲಿ ಅತಿ ಹೆಚ್ಚು ಆಧಾರವಿರುವುದು ಅರಿವಿನ ವರ್ತನಾ ಚಿಕಿತ್ಸೆ ಎಂಬ ಆಪ್ತಸಮಾಲೋಚನೆಗೆ. ಅದು ಸದ್ದನ್ನು ಕಡಿಮೆ ಮಾಡುವುದಿಲ್ಲ. ಸದ್ದು ಕೇಳಿದಾಗ ‘ನನಗೇನೋ ಆಗುತ್ತಿದೆ’ ಎಂದು ಏಳುವ ಭಯವನ್ನು ಬಿಡಿಸುತ್ತದೆ. ಭಯ ಹೋದರೆ ಮಿದುಳು ಆ ಸದ್ದನ್ನು ಗಮನಿಸುವುದನ್ನು ಕ್ರಮೇಣ ಬಿಡುತ್ತದೆ. ನನಗೆ ಈಗ ಈ ಸಾಲು ಬರೆಯುವಾಗ ಮೊರೆತದ ನೆನಪಾಗಿ ಅದು ಕೇಳುತ್ತಿದೆ. ಬೆಳಿಗ್ಗೆಯಿಂದ ಇದ್ದಿರಲೇಬೇಕು, ಗಮನಕ್ಕೆ ಬಂದಿರಲಿಲ್ಲ.

ರಾತ್ರಿ ಕಷ್ಟ. ಯಂತ್ರ ತೆಗೆದಿಟ್ಟ ಮೇಲೆ, ಊರೆಲ್ಲ ಮಲಗಿದ ಮೇಲೆ ಮೊರೆತವೊಂದೇ ಉಳಿಯುತ್ತದೆ. ಸಂಪೂರ್ಣ ನಿಶ್ಶಬ್ದವನ್ನು ತಪ್ಪಿಸಿ. ಫ್ಯಾನ್ ತಿರುಗಲಿ, ಮೊಬೈಲ್‌ನಲ್ಲಿ ಮಳೆಯ ಸದ್ದೋ ತಂಬೂರಿಯ ಶ್ರುತಿಯೋ ಮೆಲ್ಲಗಿರಲಿ. ಮೊರೆತ ಮುಚ್ಚಿಹೋಗುವಷ್ಟು ಜೋರು ಬೇಡ, ಅದರ ಪಕ್ಕದಲ್ಲಿ ಇನ್ನೊಂದು ಸದ್ದಿದ್ದರೆ ಸಾಕು. ನಿದ್ದೆಗೆಟ್ಟ ಮರುದಿನ ಮೊರೆತ ಹೆಚ್ಚಿದಂತೆನಿಸುತ್ತದೆ, ಅದರ ಚಿಂತೆಯಲ್ಲಿ ಮತ್ತೆ ನಿದ್ದೆ ಕೆಡುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಬದುಕೇ ಬೇಡ ಎನ್ನುವಷ್ಟು ಬೇಸತ್ತಿದ್ದರೆ ಒಬ್ಬರೇ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿನಲ್ಲಿ ಕೇಳುವುದು ಕಷ್ಟವಾದರೆ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ.

ಯಾವ ಯಂತ್ರ ಕೊಳ್ಳಬೇಕು? ಎಷ್ಟು ಬೆಲೆಯದು?

ಯಂತ್ರದ ಬ್ರಾಂಡಿಗಿಂತ ಅದನ್ನು ನಿಮ್ಮ ಕಿವಿಗೆ ಹೊಂದಿಸುವ ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರು, ಮುಖ್ಯ. ನನ್ನ ಖಚಿತ ಅಭಿಪ್ರಾಯ ಇದು. ಮಧ್ಯಮ ಬೆಲೆಯ ಯಂತ್ರವನ್ನು ಚೆನ್ನಾಗಿ ಹೊಂದಿಸಿದರೆ ಅದು ಲಕ್ಷಗಟ್ಟಲೆ ಬೆಲೆಯ, ಸರಿಯಾಗಿ ಹೊಂದಿಸದ ಯಂತ್ರಕ್ಕಿಂತ ಮೇಲು. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುವವರ ಬಳಿಯೇ ಹೋಗಿ. ಕೇಳಬೇಕಾದದ್ದು: ಹಣ ಕೊಡುವ ಮುಂಚೆ ಕೆಲವು ದಿನ ಮನೆಯಲ್ಲಿ ಹಾಕಿ ನೋಡಲು ಕೊಡುತ್ತೀರಾ? ಕಿವಿಯೊಳಗೆ ಸಣ್ಣ ಕೊಳವೆ ಇಟ್ಟು ಯಂತ್ರದ ಧ್ವನಿಯನ್ನು ಅಳೆದು ಹೊಂದಿಸುತ್ತೀರಾ? ಮುಂದಿನ ಹೊಂದಾಣಿಕೆಗಳಿಗೆ ಪ್ರತ್ಯೇಕ ಶುಲ್ಕವೇ? ಇವುಗಳಿಗೆ ನೇರ ಉತ್ತರ ಸಿಗದ ಅಂಗಡಿಯಿಂದ ಎದ್ದು ಬನ್ನಿ. ಶ್ರವಣಯಂತ್ರಕ್ಕೆ ಜಿ.ಎಸ್‌.ಟಿ. ಇಲ್ಲ ಎಂಬುದೂ ಗೊತ್ತಿರಲಿ, ಬಿಲ್ ನೋಡಿಕೊಳ್ಳಿ.

ಕಾಣದಂತೆ ಕಿವಿಯೊಳಗೇ ಕೂರುವ ಪುಟ್ಟ ಯಂತ್ರವನ್ನು ಎಲ್ಲರೂ ಮೊದಲು ಕೇಳುತ್ತಾರೆ. ಅದು ತೀವ್ರ ದೋಷಕ್ಕೆ ಸಾಲದು, ಗುಗ್ಗೆ-ಬೆವರಿಗೆ ಬೇಗ ಕೆಡುತ್ತದೆ, ಬೆರಳು ನಡುಗುವ ಹಿರಿಯರಿಗೆ ಬ್ಯಾಟರಿ ಬದಲಿಸುವುದೇ ಸಾಹಸ. ಕಿವಿಯ ಹಿಂದೆ ಕೂರುವ ಬಗೆ ಹೆಚ್ಚಿನವರಿಗೆ ಸರಿ. ಕನ್ನಡಕ ಹಾಕಲು ನಾಚದ ನಾವು ಇದಕ್ಕೆ ಯಾಕೆ ನಾಚಬೇಕು? ಎರಡೂ ಕಿವಿ ಮಂದವಿದ್ದರೆ, ಕೈಲಾದರೆ, ಎರಡಕ್ಕೂ ಹಾಕಿ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದಲ್ಲಿ ಮಾತು ಆರಿಸಿಕೊಳ್ಳಲು ಎರಡು ಕಿವಿ ಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಧ್ವನಿವರ್ಧಕಗಳು ಬೇಡ. ಅವುಗಳಲ್ಲಿ ಹೆಚ್ಚಿನವು ಎಲ್ಲ ಸದ್ದನ್ನೂ ಒಂದೇ ಸಮನೆ ಏರಿಸುತ್ತವೆ. ನಿಮ್ಮ ಕಿವಿ ಕಳೆದುಕೊಂಡದ್ದು ಯಾವುದೆಂಬ ಲೆಕ್ಕ ಅವಕ್ಕಿಲ್ಲ.

ಯಂತ್ರ ಹಾಕಿದ ಮೊದಲ ದಿನವೇ ತಲೆ ಕೆಟ್ಟುಹೋಯಿತು. ಪೆಟ್ಟಿಗೆಗೆ ಸೇರಿಸಿದ್ದೇನೆ.

ಹೊರಗೆ ತೆಗೆಯಿರಿ. ಮೊದಲ ದಿನ ಎಲ್ಲರಿಗೂ ಹಾಗೆಯೇ. ಸ್ವಂತ ದನಿ ಕೊಡಪಾನದೊಳಗಿಂದ ಬಂದಂತಿರುತ್ತದೆ. ಸ್ಟೀಲ್ ಲೋಟ ಕಟ್ಟೆಯ ಮೇಲಿಟ್ಟರೆ ಎದೆ ಝಲ್ಲೆನ್ನುತ್ತದೆ. ನಲ್ಲಿಯಿಂದ ಬೀಳುವ ನೀರು, ಪತ್ರಿಕೆಯ ಹಾಳೆ ಮಗುಚುವ ಸದ್ದು, ನಡೆದಾಡುವಾಗ ಸೀರೆಯ ಸರಸರ, ಕುಕ್ಕರ್ ಕೂಗು – ವರ್ಷಗಳಿಂದ ಬರದಿದ್ದದ್ದೆಲ್ಲ ಒಟ್ಟಿಗೇ ಬರುತ್ತದೆ. ಯಾವುದು ಬೇಕು ಯಾವುದು ಬೇಡ ಎಂದು ಆರಿಸುವ ಅಭ್ಯಾಸ ಮಿದುಳಿಗೆ ತಪ್ಪಿಹೋಗಿರುತ್ತದೆ. ಅದು ಮರಳಲು ಕೆಲವು ವಾರ ಬೇಕು, ಕೆಲವರಿಗೆ ಕೆಲವು ತಿಂಗಳು.

ಮೊದಲು ಮನೆಯೊಳಗೆ, ಒಬ್ಬರೊಂದಿಗೆ, ಒಂದೆರಡು ಗಂಟೆ ಹಾಕಿ. ದಿನದಿನಕ್ಕೆ ಹೊತ್ತು ಹೆಚ್ಚಿಸಿ. ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಸ್ವಂತ ದನಿ ಬೇಗ ಒಗ್ಗುತ್ತದೆ. ಮದುವೆ ಛತ್ರಕ್ಕೆ ಆಮೇಲೆ ಹೋದರಾಯಿತು. ಹಬ್ಬಕ್ಕೆ, ನೆಂಟರು ಬಂದಾಗ ಮಾತ್ರ ಹಾಕುತ್ತೇನೆ ಎಂಬವರಿಗೆ ಅದು ಎಂದೂ ಒಗ್ಗುವುದಿಲ್ಲ. ಇಡೀ ದಿನ ಹಾಕಬೇಕು.

ಕಿರಿಕಿರಿ ಎನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೊಂದಾಣಿಕೆಗೆ ಹೋಗಿ. ‘ಸರಿ ಇಲ್ಲ’ ಎಂದರೆ ಆಡಿಯಾಲಜಿಸ್ಟ್ ಏನು ಮಾಡಿಯಾರು? ‘ಪಾತ್ರೆ ಸದ್ದು ಚುಚ್ಚುತ್ತದೆ, ಆದರೆ ಮಗಳ ಮಾತು ಇನ್ನೂ ಮಸುಕು’ ಎಂದರೆ ಯಾವ ಗುಂಡಿ ತಿರುಗಿಸಬೇಕೆಂದು ಅವರಿಗೆ ತಿಳಿಯುತ್ತದೆ. ಯಂತ್ರ ಕುಂಯ್‌ಗುಟ್ಟುತ್ತಿದ್ದರೆ ಕಿವಿಯೊಳಗೆ ಕೂರುವ ಅದರ ಅಚ್ಚು ಸಡಿಲವಾಗಿರಬಹುದು ಅಥವಾ ಕಿವಿಯಲ್ಲಿ ಗುಗ್ಗೆ ಇರಬಹುದು. ಧ್ವನಿ ತಗ್ಗಿಸಿ ಸುಮ್ಮನಾಗಬೇಡಿ.

ಮಳೆಗಾಲ, ಬೆವರು, ತಲೆಗೆಣ್ಣೆ – ಯಂತ್ರವನ್ನು ಕಾಪಾಡುವುದು ಹೇಗೆ?

ಮಲೆನಾಡು, ಕರಾವಳಿಯವರಿಗೆ ತೇವವೇ ದೊಡ್ಡ ಶತ್ರು. ರಾತ್ರಿ ಯಂತ್ರ ತೆಗೆದು, ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಬೇಕು. ಹರಳು ಬಣ್ಣ ಬದಲಿಸಿದರೆ ಅದು ತೇವ ಕುಡಿದು ಸಾಕಾಗಿದೆ ಎಂದರ್ಥ. ಬೆಳಿಗ್ಗೆ ಒಣ ಮೆದುಬಟ್ಟೆಯಿಂದ ಒರೆಸಿ, ಸಣ್ಣ ಬ್ರಶ್ಶಿನಿಂದ ಯಂತ್ರದ ಬಾಯಿಯ ಗುಗ್ಗೆ ತೆಗೆಯಬೇಕು. ಬ್ರಶ್ ಆಡಿಸುವಾಗ ಬಾಯಿ ಕೆಳಮುಖವಾಗಿರಲಿ, ಉದುರಿದ್ದು ಒಳಗೆ ಬೀಳಬಾರದು. ‘ಯಂತ್ರ ಸತ್ತುಹೋಗಿದೆ’ ಎಂದು ರಿಪೇರಿಗೆ ತರುವ ಎಷ್ಟೋ ಯಂತ್ರಗಳಲ್ಲಿ ಅಷ್ಟು ಕಿರಿದಾದ ಜಾಲರಿಗೆ ಗುಗ್ಗೆ ಅಂಟಿರುವುದಷ್ಟೇ ದೋಷ. ತಲೆಗೆ ಎಣ್ಣೆ ಹಚ್ಚಿ, ಕೈ ತೊಳೆದು, ಆಮೇಲೆ ಯಂತ್ರ ಮುಟ್ಟಿ. ಸ್ನಾನಕ್ಕೆ, ಕ್ಷೌರಕ್ಕೆ ಕೂರುವ ಮುಂಚೆ ತೆಗೆದಿಡಿ.

ಬ್ಯಾಟರಿಗಳಿಗೆ ಬಣ್ಣದ ಗುರುತಿದೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಅಂಗಡಿಯಲ್ಲಿ ಬಣ್ಣ ಹೇಳಿದರೂ ಸಾಕು. ಇವು ಗಾಳಿಯಿಂದ ಚಾಲೂ ಆಗುವಂಥವು. ಬ್ಯಾಟರಿಗೆ ಅಂಟಿಸಿದ ಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಯಂತ್ರಕ್ಕೆ ಹಾಕಿದರೆ ಚೆನ್ನಾಗಿ ಬಾಳುತ್ತದೆ. ಒಮ್ಮೆ ಕಿತ್ತ ಚೀಟಿಯನ್ನು ಮತ್ತೆ ಅಂಟಿಸಿ ಉಳಿಸಲಾಗದು. ಚಾರ್ಜ್ ಮಾಡುವ ಯಂತ್ರಗಳು ಅನುಕೂಲವೇ, ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿದ್ದರೆ ಯೋಚಿಸಿ. ಹಳೆಯ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ಮಗು ನುಂಗಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯವರು ಹೇಗೆ ಮಾತಾಡಬೇಕು?

ಯಂತ್ರದಿಂದ ಅರ್ಧ ಕೆಲಸ, ಇದರಿಂದ ಇನ್ನರ್ಧ. ಯಂತ್ರ ಕೊಡಿಸಿ ‘ಇನ್ನು ಎಲ್ಲ ಕೇಳಬೇಕು’ ಎಂದು ತಮ್ಮ ಪಾಲಿನದನ್ನು ಮುಗಿಸಿಕೊಳ್ಳುವ ಮಕ್ಕಳಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ.

ಅಡುಗೆಮನೆಯಿಂದ ಕೂಗಬೇಡಿ. ಎದುರಿಗೆ ಬನ್ನಿ, ಹೆಸರು ಹಿಡಿದು ಕರೆಯಿರಿ, ಅವರು ನಿಮ್ಮತ್ತ ನೋಡಿದ ಮೇಲೆ ಮಾತು ಶುರುಮಾಡಿ. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದಿನ ಕಿಟಕಿಯಿಂದಲ್ಲ. ನಾವು ತುಟಿಯನ್ನೂ ಓದುತ್ತಿರುತ್ತೇವೆ, ಅದು ನಮಗೇ ಗೊತ್ತಿರುವುದಿಲ್ಲ. ಮಿಕ್ಸಿ, ಟಿ.ವಿ. ನಿಲ್ಲಿಸಿ. ಕಿರುಚಬೇಡಿ: ಕಿರುಚಿದರೆ ಸ್ವರಾಕ್ಷರಗಳಷ್ಟೇ ಏರುತ್ತವೆ, ವ್ಯಂಜನಗಳು ಏರುವುದಿಲ್ಲ, ಮುಖ ಮಾತ್ರ ಸಿಟ್ಟಿನದಾಗಿ ಕಾಣುತ್ತದೆ. ತುಸು ನಿಧಾನ, ತುಸು ಬಿಡಿಸಿ ಆಡಿದರೆ ಸಾಕು.

ಒಂದೇ ಮಾತನ್ನು ಮೂರು ಸಲ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳಿ. ‘ಸೊಪ್ಪು ಬೇಕೇ?’ ಎಂದರೆ ಅತ್ತೆಗೆ ‘ಉಪ್ಪು’ ಎಂದು ಕೇಳಿಸಿ ಡಬ್ಬಿ ತಂದುಕೊಡುತ್ತಾರೆ. ‘ಬಾಗಿಲಿಗೆ ತರಕಾರಿಯವನು ಬಂದಿದ್ದಾನೆ, ದಂಟಿನ ಸೊಪ್ಪು ಕೊಳ್ಳಲೇ?’ ಎಂದರೆ ಒಂದು ಪದ ತಪ್ಪಿದರೂ ಮಿಕ್ಕ ಪದಗಳು ಕೈಹಿಡಿಯುತ್ತವೆ. ಮಾತಿನ ವಿಷಯ ಬದಲಾದಾಗ ‘ಈಗ ಗೃಹಪ್ರವೇಶದ ಮಾತು’ ಎಂದು ಒಂದು ಸೂಚನೆ ಕೊಡಿ. ತಪ್ಪು ಕೇಳಿಸಿಕೊಂಡು ಏನೋ ಉತ್ತರ ಕೊಟ್ಟಾಗ ನಗಬೇಡಿ. ಮಕ್ಕಳು ನಕ್ಕರೆ ತಡೆಯಿರಿ.

ಎಲ್ಲಕ್ಕಿಂತ ನೋಯಿಸುವುದು ‘ಏನಿಲ್ಲ ಬಿಡಿ’ ಎಂಬ ಮಾತು. ಎಲ್ಲರೂ ನಗುತ್ತಿರುತ್ತಾರೆ, ಏನೆಂದು ಕೇಳಿದರೆ ‘ಏನಿಲ್ಲ, ಆಮೇಲೆ ಹೇಳುತ್ತೇನೆ’. ಆ ಆಮೇಲೆ ಬರುವುದೇ ಇಲ್ಲ. ವಿಷಯ ಸಣ್ಣದಿರಬಹುದು, ಆದರೆ ಮನೆಯೆಂದರೆ ಇಂಥ ಸಣ್ಣ ವಿಷಯಗಳೇ. ಅರ್ಧ ನಿಮಿಷ ಖರ್ಚುಮಾಡಿ ಹೇಳಿಬಿಡಿ.

ಕಿವಿ ಮಂದವಿರುವವರಿಗೂ ಒಂದು ಮಾತು: ಕೇಳದಿದ್ದಾಗ ತಲೆಯಾಡಿಸಬೇಡಿ. ‘ನನ್ನ ಕಿವಿ ಮಂದ, ಈ ಕಡೆ ತಿರುಗಿ ಹೇಳಿ’ ಎಂದು ಬಸ್ ಕಂಡಕ್ಟರಿಗೂ ಬ್ಯಾಂಕಿನ ಗಾಜಿನ ಹಿಂದಿರುವವರಿಗೂ ಹೇಳಿ. ಪಂಕ್ತಿಯಲ್ಲಿ ಗೋಡೆಗೆ ಬೆನ್ನು ಬರುವ ಜಾಗ ಹಿಡಿಯಿರಿ. ಆಂಡ್ರಾಯ್ಡ್ ಮೊಬೈಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆಪ್ ಎದುರಿನವರ ಕನ್ನಡ ಮಾತನ್ನು ಅಕ್ಷರಕ್ಕಿಳಿಸಿ ತೋರಿಸುತ್ತದೆ. ತಪ್ಪುಗಳಿರುತ್ತವೆ, ಆದರೂ ಆಸ್ಪತ್ರೆಯಲ್ಲಿ ವೈದ್ಯರೆದುರು ಕೂತಾಗ ಅದು ದೊಡ್ಡ ಆಸರೆ.

ಪಟಾಕಿ, ಡಿ.ಜೆ., ಕಾರ್ಖಾನೆ – ಎಷ್ಟು ಸದ್ದು ಅಪಾಯ?

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮಿತಿ ಎಂದು ತಜ್ಞರು ಹೇಳುತ್ತಾರೆ. ಮೂರು ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಹೊತ್ತು ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್‌ಗೆ ಬರುವಾಗ ಕಾಲು ಗಂಟೆಯಷ್ಟೇ ಉಳಿಯುತ್ತದೆ. ಮೆರವಣಿಗೆಯ ಸ್ಪೀಕರ್ ಎದುರು ಕುಣಿಯುವ ಹುಡುಗರು ಈ ಮಿತಿಯನ್ನು ಮೊದಲ ಹಾಡುಗಳಲ್ಲೇ ದಾಟಿರುತ್ತಾರೆ. ಹಾಗೆ ಕುಣಿದ ರಾತ್ರಿ ಕಿವಿ ಗುಂಯ್ ಎಂದರೆ ಅದು ಪೆಟ್ಟಾದ ಗುರುತು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ಹಗಲಿಡೀ ದುಡಿಯುವವರಿಗೆ ಇಯರ್‌ಪ್ಲಗ್ ಕೊಡುವುದು ಮಾಲೀಕರ ಕರ್ತವ್ಯ. ಹತ್ತಿ ತುರುಕಿಕೊಂಡರೆ ಸಾಲದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ದೂರು ಕೊಡಲು ಹಿಂಜರಿಯಬೇಡಿ.

ಮಗು ಕರೆದರೆ ತಿರುಗುವುದಿಲ್ಲ. ಬೆಳೆದಂತೆ ಸರಿಹೋಗುತ್ತದೆ ಎನ್ನುತ್ತಾರೆ.

ಕಾಯಬೇಡಿ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪತ್ತೆ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ – ಗುರಿ ಇದು. ನಿದ್ದೆಯಲ್ಲಿರುವ ಶಿಶುವಿಗೂ ನೋವಿಲ್ಲದೆ ಪರೀಕ್ಷೆ ಮಾಡಲು ಬರುತ್ತದೆ. ಯಂತ್ರದಿಂದ ಸಾಲದ ಅತಿತೀವ್ರ ದೋಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಸಾಧನ, ಇದೆ. ಬೇಗ ಮಾಡಿಸಿದಷ್ಟೂ ಮಾತು ಚೆನ್ನಾಗಿ ಬರುತ್ತದೆ. ಸನ್ನೆಭಾಷೆ ಕಲಿಸುವುದನ್ನು ಸೋಲೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಗುವಿಗೆ ಬೇಕಾದದ್ದು ಭಾಷೆ, ಅದು ಯಾವ ದಾರಿಯಲ್ಲಿ ಬಂದರೂ ಸರಿ.

ಸರಕಾರದ ನೆರವು ಏನಿದೆ? ಎಲ್ಲಿಂದ ಶುರುಮಾಡಬೇಕು?

ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಿಂದ ಶುರುಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲೇ ಇರುವುದು ಭಾಗ್ಯ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಪರೀಕ್ಷೆ, ಮೊರೆತದ ಸಮಾಲೋಚನೆ, ಯಂತ್ರದ ಆಯ್ಕೆ, ಮಕ್ಕಳ ತರಬೇತಿ ಎಲ್ಲವೂ ಒಂದೇ ಆವರಣದಲ್ಲಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವಾಕ್-ಶ್ರವಣ ವಿಭಾಗವೂ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇವೆ.

ಯಂತ್ರ ಕೊಳ್ಳಲಾಗದವರಿಗೆ 1981ರಿಂದ ನಡೆಯುತ್ತಿರುವ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಗೆ ಒಳಪಟ್ಟು ಯಂತ್ರ ಸಿಗುತ್ತದೆ. ಅರವತ್ತು ದಾಟಿದ ಬಡ ಹಿರಿಯರಿಗೆ 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಶಿಬಿರದಲ್ಲಿ ಯಂತ್ರ ಕೈಗೆ ಕೊಟ್ಟು ಕಳುಹಿಸಿದರೆ ಅದನ್ನು ಆಡಿಯಾಲಜಿಸ್ಟರ ಬಳಿ ಒಯ್ದು ನಿಮ್ಮ ಕಿವಿಗೆ ಹೊಂದಿಸಿಕೊಳ್ಳಿ.

ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ದೋಷವಿದ್ದವರನ್ನು ಮಂದಶ್ರವಣದವರೆಂದೂ 70 ಡೆಸಿಬೆಲ್ ದೋಷವಿದ್ದವರನ್ನು ಶ್ರವಣರಹಿತರೆಂದೂ ಗುರುತಿಸುತ್ತದೆ. ಇದಕ್ಕಿಂತ ಕಡಿಮೆ ದೋಷವಿರುವ ನಮ್ಮಂಥ ಬಹಳ ಮಂದಿ ಈ ಅಳತೆಯೊಳಗೆ ಬರುವುದಿಲ್ಲ. ದಿನದ ಕಷ್ಟ ಮಾತ್ರ ಇದ್ದೇ ಇರುತ್ತದೆ. ಈ ಅಳತೆ ಬದಲಾಗಬೇಕು ಎಂಬುದು ನನ್ನ ಬೇಡಿಕೆ. ಸರಕಾರಿ ನೌಕರಿಯ ನಾಲ್ಕು ಶೇಕಡ ಮೀಸಲಾತಿಯಲ್ಲಿ ಒಂದು ಶೇಕಡ ಶ್ರವಣದೋಷವಿರುವವರದ್ದು. ಮನೆಯಲ್ಲಿ ಓದುತ್ತಿರುವ ಮಕ್ಕಳಿದ್ದರೆ ಕಾರ್ಡನ್ನು ಈಗಲೇ ಮಾಡಿಸಿಡಿ. ಅರ್ಜಿಯ ಜೊತೆಗೆ ಆಧಾರ್, ಫೋಟೊ ಬೇಕು. ಇತ್ತೀಚಿನ ಆಡಿಯೊಗ್ರಾಮನ್ನೂ ಇಟ್ಟುಕೊಂಡು ಹೋಗಿ.